ಒಂದೇ ಕಾರು, ಎರಡು ಬಿಲ್ಲು: ರಾಯಚೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು ಜಿಲ್ಲೆ
ಹಾಗೂ
ಮಾನ್ಯ ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ರಾಯಚೂರು

ವಿಷಯ: ಹೊಸ ಕಾರು ಮಾರುವ ಶೋರೂಮುಗಳು ಮುಂಗಡ ಪಡೆಯುವ ಮೊದಲೇ ಬಾಬುವಾರು ದರಪಟ್ಟಿಯನ್ನು ಕನ್ನಡದಲ್ಲಿ ಲಿಖಿತವಾಗಿ ಕೊಡುವಂತೆ ಮಾಡುವ ಕುರಿತು.

ಮಾನ್ಯರೇ,

2025ರ ದಸರಾ ಮತ್ತು ದೀಪಾವಳಿಯ ನಡುವೆ ನಮ್ಮ ಜಿಲ್ಲೆಯ ಒಂದೇ ಶೋರೂಮಿನಲ್ಲಿ, ಒಂದೇ ಕಂಪನಿಯ ಒಂದೇ ಮಾದರಿಯ ಪೆಟ್ರೋಲ್ ಕಾರನ್ನು ನನಗೆ ಹತ್ತಿರದವರಾದ ಇಬ್ಬರು ಕೊಂಡರು. ಒಬ್ಬ ಮಾನ್ವಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನ್ನ ಅಕ್ಕನ ಮಗ. ಇನ್ನೊಬ್ಬರು ನಮ್ಮೂರಿನವರೇ, ಹತ್ತಿ ಮತ್ತು ಭತ್ತ ಬೆಳೆಯುವ ರೈತರು. ಇಬ್ಬರ ಕಾರಿಗೂ ಎಕ್ಸ್ ಶೋರೂಮ್ ಬೆಲೆ, ಅಂದರೆ ನೋಂದಣಿ, ಜೀವಾವಧಿ ತೆರಿಗೆ, ವಿಮೆ ಸೇರದ ಬೆಲೆ, 8,40,000 ರೂಪಾಯಿ. ಚೌಕಾಸಿಯಲ್ಲಿ ಗೆದ್ದವರು ರೈತರೇ: ಮಾಸ್ತರನಿಗೆ 15,000 ರೂಪಾಯಿ ರಿಯಾಯಿತಿ ಸಿಕ್ಕಿದ್ದರೆ, ಇವರು ಪಟ್ಟು ಬಿಡದೆ ಕೂತು 20,000 ಬಿಡಿಸಿಕೊಂಡಿದ್ದರು. ಹೀಗಿದ್ದೂ ಕಾರು ಮನೆಗೆ ಬರುವ ಹೊತ್ತಿಗೆ ರೈತರು ಕೊಟ್ಟ ಒಟ್ಟು ಹಣ ಮಾಸ್ತರನದಕ್ಕಿಂತ 57,500 ರೂಪಾಯಿ ಹೆಚ್ಚಾಗಿತ್ತು.

ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಹೀಗಾಗಿ ಊರಿನವರು ತಿಳಿಯದ ಕಾಗದವನ್ನೆಲ್ಲ ನನ್ನ ಮುಂದೆ ತಂದಿಡುವುದು ರೂಢಿ. ಈ ಎರಡು ಬಿಲ್ಲುಗಳೂ ಹಾಗೆಯೇ ನನ್ನ ಮೇಜಿನ ಮೇಲೆ ಜೊತೆಯಾದವು. ಸಾಲಿಗೆ ಸಾಲು ತಾಳೆ ನೋಡಿದಾಗ ಕಂಡದ್ದನ್ನು ಮೊದಲು ತಮ್ಮ ಗಮನಕ್ಕೆ ತರುತ್ತೇನೆ. ವಿಮೆಗೆ ಮಾಸ್ತರ ಕೊಟ್ಟದ್ದು 33,400, ರೈತರು ಕೊಟ್ಟದ್ದು 47,900. ಮಾಸ್ತರ ಕಾಲೊರೆಸು ಮ್ಯಾಟು, ಮಡ್ ಫ್ಲ್ಯಾಪು ಇತ್ಯಾದಿಗೆ 6,200 ಕೊಟ್ಟಿದ್ದರೆ, ರೈತರ ಬಿಲ್ಲಿನಲ್ಲಿ ಅದೇ ಜಾಗದಲ್ಲಿ ‘ಆಕ್ಸೆಸರಿ ಕಿಟ್’ ಎಂಬ ಒಂದೇ ಹೆಸರಿನಡಿ 28,500 ಇತ್ತು. ಹೆಚ್ಚುವರಿ ವಾರಂಟಿಗೆ 14,200, ‘ಹ್ಯಾಂಡ್ಲಿಂಗ್ ಚಾರ್ಜ್’ ಎಂದು 7,500, ‘ಆರ್‌ಟಿಓ ಇತರೆ ವೆಚ್ಚ’ ಎಂದು 4,000 ರೂಪಾಯಿ ರೈತರ ಬಿಲ್ಲಿನಲ್ಲಿ ಮಾತ್ರ ಇದ್ದವು. ಮಾಸ್ತರನ ಬಿಲ್ಲಿನಲ್ಲಿ ಈ ಮೂರೂ ಸಾಲುಗಳ ಸುಳಿವೇ ಇರಲಿಲ್ಲ. ವ್ಯತ್ಯಾಸಗಳನ್ನೆಲ್ಲ ಕೂಡಿದರೆ 62,500. ಅದರಲ್ಲಿ ಹೆಚ್ಚಿನ ರಿಯಾಯಿತಿಯ 5,000 ಕಳೆದರೆ ನಾನು ಮೇಲೆ ಹೇಳಿದ ಮೊತ್ತ ಸಿಗುತ್ತದೆ.

ಮಾಸ್ತರ ದೊಡ್ಡ ವ್ಯವಹಾರಸ್ಥನೇನಲ್ಲ. ಹೊರಗಿನ ವಿಮಾ ಕಂಪನಿಯೊಂದರಿಂದ ದರ ಬರೆಸಿಕೊಂಡು ಹೋಗಿದ್ದ, ಮತ್ತು ಪ್ರತಿ ಸಾಲಿನ ಮೇಲೂ ಬೆರಳಿಟ್ಟು ‘ಇದು ಕಡ್ಡಾಯವೇ?’ ಎಂದು ಕೇಳಿದ್ದ. ಕೇಳಿದ ಸಾಲೆಲ್ಲ ಅಳಿಸಿಹೋಯಿತು. ಕೇಳಿದವನಿಗೆ ಅಳಿಸಿಹೋಗುವ ಸಾಲು ಕೇಳದವರ ಬಿಲ್ಲಿನಲ್ಲಿ ಉಳಿದುಕೊಳ್ಳುವುದಾದರೆ, ಅದು ಕಾರಿನ ಬೆಲೆಯಲ್ಲ, ಕೊಳ್ಳುವವರ ತಿಳಿವಳಿಕೆಯನ್ನು ಅಳೆದು ಹಾಕಿದ ಬೆಲೆ. ನನ್ನ ದೂರಿನ ತಿರುಳು ಇಷ್ಟೇ.

ಈ ವ್ಯವಹಾರ ನಡೆಯುವ ಬಗೆಯನ್ನು ತಾವು ಕಣ್ಣಾರೆ ನೋಡಿರಲಿಕ್ಕಿಲ್ಲ; ಅಧಿಕಾರಿಗಳು ಬಂದಾಗ ಶೋರೂಮಿನ ನಡವಳಿಕೆಯೇ ಬೇರೆ ಇರುತ್ತದೆ. ರೈತರೊಂದಿಗೆ ಮಾತುಕತೆಗೆ ನಾನೂ ಕೂತಿದ್ದೆ. ಮಾರಾಟದ ಹುಡುಗ ಬಣ್ಣದ ಪುಸ್ತಿಕೆಯ ಹಿಂಬದಿಯಲ್ಲಿ ಪೆನ್ನಿನಿಂದ ಒಂದು ಮೊತ್ತ ಬರೆದು, ಸುತ್ತ ಗೆರೆ ಎಳೆದು, ‘ಆನ್ ರೋಡ್ ಇಷ್ಟು’ ಎಂದ, ಅಂದರೆ ಎಲ್ಲ ಖರ್ಚು ಸೇರಿ ಕಾರು ರಸ್ತೆಗಿಳಿಯುವ ಬೆಲೆ. ಅದರೊಳಗೆ ಏನೇನು ಸೇರಿದೆ ಎಂದು ಬರೆದು ಕೊಡು ಎಂದರೆ, ‘ಬುಕ್ಕಿಂಗ್ ಆದಮ್ಯಾಲ ಸಿಸ್ಟಮ್‌ನ್ಯಾಗ ಬರ್ತದ್ರಿ’ ಎಂಬ ಉತ್ತರ. ಅಂದರೆ ಮೊದಲು ಹಣ, ಆಮೇಲೆ ಲೆಕ್ಕ. ಅಲ್ಲಿಂದ ಮುಂದಿನ ಚೌಕಾಸಿಯೆಲ್ಲ ಆ ಗೆರೆ ಎಳೆದ ಮೊತ್ತದ ಮೇಲೆಯೇ ನಡೆಯಿತು. ಹುಡುಗ ನಡುನಡುವೆ ಒಳಗಿನ ಕೋಣೆಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು ಐದು ಸಾವಿರ, ಮತ್ತೆ ಮೂರು ಸಾವಿರ ಎಂದು ಇಳಿಸಿದ. ಕೊನೆಗೆ, ‘ಗೌಡ್ರ, ಸರ್ಕಾರದ್ದು ನಮ್ದು ಕೂಡಿ ಹತ್ತಿರ ಹತ್ತಿರ ಒಂದ್ ಲಕ್ಷ ಬಿಟ್ಟೀವಿ ನೋಡ್ರಿ, ಇನ್ನೇನ್ ಬೇಕು’ ಎಂದ.

‘ಸರ್ಕಾರದ್ದು’ ಎಂದರೇನೆಂದು ರೈತರಿಗೆ ತಿಳಿದಿರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿ.ಸಿ. ಮೀರದ ಎಂಜಿನ್ನಿನ ಪೆಟ್ರೋಲ್ ಕಾರುಗಳ ಮೇಲಿದ್ದ ಶೇ 28ರ ಜಿಎಸ್‌ಟಿ ಮತ್ತು ಶೇ 1ರ ಪರಿಹಾರ ಸೆಸ್ಸು ಹೋಗಿ ಶೇ 18ರ ಒಂದೇ ತೆರಿಗೆ ಜಾರಿಗೆ ಬಂತು. ತೆರಿಗೆ ಇಳಿದ ಮೇಲೆ 8,40,000 ಆಗಿರುವ ಕಾರು, ಬೇರೇನೂ ಬದಲಾಗದಿದ್ದರೆ, ಮೊದಲು ಸುಮಾರು 9,18,000 ಇದ್ದಿರಬೇಕು. ಹುಡುಗ ‘ಬಿಟ್ಟೀವಿ’ ಎಂದು ಹೇಳಿದ ಒಂದು ಲಕ್ಷದಲ್ಲಿ 78,000 ರೂಪಾಯಿ ತೆರಿಗೆ ಇಳಿಕೆಯಿಂದಲೇ ಬಂದದ್ದು, ಆ ಕಾರು ಕೊಳ್ಳುವ ಎಲ್ಲರಿಗೂ ಕೇಳದೆಯೇ ಸಲ್ಲಬೇಕಾದದ್ದು. ಅದನ್ನು ತನ್ನ ಉದಾರತೆಯ ಲೆಕ್ಕಕ್ಕೆ ಸೇರಿಸಿಕೊಂಡ ಶೋರೂಮು ಮತ್ತೊಂದು ಕಡೆ 60,000ಕ್ಕೂ ಹೆಚ್ಚು ಏರಿಸಿತು. ರೈತರಾದರೋ ಒಳ್ಳೆಯ ಚೌಕಾಸಿ ಮಾಡಿದೆನೆಂದು ಹೊರಬಂದು ನಮಗೆಲ್ಲ ಚಹಾ ಕುಡಿಸಿದರು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನಮ್ಮ ಜಿಲ್ಲೆಯವನೇ, ಬಿ.ಕಾಂ. ಓದಿ ಚಿಕ್ಕ ಸಂಬಳಕ್ಕೆ ನಿಂತವನು. ಕಾರು ಮಾರಿದ್ದಕ್ಕಿಂತ ವಿಮೆ, ಕಿಟ್ಟು, ವಾರಂಟಿ ಹಚ್ಚಿದ್ದಕ್ಕೇ ಅವನಿಗೆ ಹೆಚ್ಚು ಇನ್ಸೆಂಟಿವ್ ಸಿಗುವುದೆಂದು ಅವನೇ ಹೇಳಿದ. ಎಕ್ಸ್ ಶೋರೂಮ್ ಬೆಲೆಯನ್ನು ಕಂಪನಿ ನಿಗದಿ ಮಾಡುತ್ತದೆ, ಅದರಲ್ಲಿ ಮಾರಾಟಗಾರರಿಗೆ ಉಳಿಯುವುದು ಕಡಿಮೆ, ಕಟ್ಟಡದ ಬಾಡಿಗೆ, ನೌಕರರ ಸಂಬಳ, ನಿಲ್ಲಿಸಿದ ಕಾರುಗಳ ಮೇಲಿನ ಬಡ್ಡಿ ಎಲ್ಲವೂ ಈ ಉಪ ಆದಾಯದಿಂದಲೇ ಹೊರಡಬೇಕು ಎಂಬ ವಾದವನ್ನೂ ನಾನು ಕೇಳಿದ್ದೇನೆ. ಒಪ್ಪೋಣ. ಹಾಗಿದ್ದರೆ ‘ಇದು ನಮ್ಮ ಸೇವೆಗೆ’ ಎಂದು ಬಾಯಿಬಿಟ್ಟು ಕೇಳಲಿ, ಕೊಡುವವರು ಕೊಡುತ್ತಾರೆ. ಆರ್‌ಟಿಓ ಹೆಸರಿನ ಹಿಂದೆ ಅಡಗಿಸಿ ಏಕೆ ಕೇಳಬೇಕು?

ಪ್ರಾದೇಶಿಕ ಸಾರಿಗೆ ಅಧಿಕಾರಿಗಳನ್ನು ಈ ಪತ್ರದಲ್ಲಿ ಸೇರಿಸಿರುವುದು ಆ 4,000 ರೂಪಾಯಿಯ ಕಾರಣಕ್ಕೆ. ನಮ್ಮ ರಾಜ್ಯದಲ್ಲಿ ಖಾಸಗಿ ಕಾರಿನ ಜೀವಾವಧಿ ತೆರಿಗೆ ಬೆಲೆಯನ್ನು ನೋಡಿ ನಿಗದಿಯಾಗುತ್ತದೆ: ಐದು ಲಕ್ಷದವರೆಗೆ ಶೇ 13, ಅಲ್ಲಿಂದ ಹತ್ತು ಲಕ್ಷದವರೆಗೆ ಶೇ 14, ಇಪ್ಪತ್ತು ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18, ಮತ್ತು ಆ ತೆರಿಗೆಯ ಮೇಲೆ ಉಪಕರ. ಇದು ದೊಡ್ಡ ಮೊತ್ತವೇ. ಆದರೆ ಇದಕ್ಕೆ ರಸೀದಿ ಇದೆ, ಇಬ್ಬರ ಬಿಲ್ಲಿನಲ್ಲೂ ಒಂದೇ ಅಂಕಿ ಇದೆ, ತಕರಾರಿಲ್ಲ. ಅದರಾಚೆಗೆ ಕೇಂದ್ರ ಮೋಟಾರು ವಾಹನ ನಿಯಮಗಳ 81ನೇ ನಿಯಮದ ಪ್ರಕಾರ ಸ್ವಂತ ಬಳಕೆಯ ಲಘು ವಾಹನದ ನೋಂದಣಿ ಶುಲ್ಕ 600 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200, ಸಾಲದ ಮೇಲೆ ಕೊಂಡಿದ್ದರೆ ಹೈಪಾಥಿಕೇಶನ್ (ಕಾರು ಸಾಲಕ್ಕೆ ಒತ್ತೆ ಇದೆ ಎಂಬುದು) ನಮೂದಿಸಲು 1,500. ಸಾಲ ಮಾಡದೆ ಪೂರ್ತಿ ಹಣ ಕಟ್ಟಿದ ನಮ್ಮ ರೈತರಿಗೆ ತೆರಿಗೆಯ ಜೊತೆ ನೋಂದಣಿ ಮತ್ತು ಕಾರ್ಡಿನ ಶುಲ್ಕಗಳ ಸಾಲೂ ಪ್ರತ್ಯೇಕವಾಗಿಯೇ ಇತ್ತು. ಅಷ್ಟರ ಮೇಲೆ ‘ಇತರೆ ವೆಚ್ಚ’ ಎಂದರೆ ಯಾವುದು, ಅದು ಯಾರ ಕೈ ಸೇರಿತು ಎಂಬುದನ್ನು ಶೋರೂಮು ಹೇಳಲಿಲ್ಲ. ತಮ್ಮ ಕಚೇರಿಯ ಹೆಸರಿನಲ್ಲಿ ರಸೀದಿಯಿಲ್ಲದೆ ಹಣ ಎತ್ತಲಾಗುತ್ತಿದೆ ಎಂಬುದು ಗ್ರಾಹಕನಿಗಿಂತ ಹೆಚ್ಚಾಗಿ ತಮಗೆ ನೋವಿನ ಸಂಗತಿಯಾಗಬೇಕು.

ವಿಮೆಯ ವಿಚಾರ ಇನ್ನೂ ಸೂಕ್ಷ್ಮವಾದದ್ದು, ಏಕೆಂದರೆ ಅತಿ ಹೆಚ್ಚು ಹೆದರಿಸುವುದು ಇಲ್ಲಿಯೇ. ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ಮಾಡಿರುವುದು ಮೂರನೆಯವರ ಹಾನಿಯ ವಿಮೆಯನ್ನು ಮಾತ್ರ. ಹೊಸ ಕಾರಿಗೆ ಅದನ್ನು ಒಮ್ಮೆಗೇ ಮೂರು ವರ್ಷಕ್ಕೆ ಕಟ್ಟಬೇಕೆಂಬ ಪದ್ಧತಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2018ರ ಸೆಪ್ಟೆಂಬರ್ 1ರಿಂದ ಬಂದಿದೆ. ಅದರ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ. 2022ರ ಅಧಿಸೂಚನೆಯಂತೆ 1000ದಿಂದ 1500 ಸಿ.ಸಿ.ವರೆಗಿನ ಹೊಸ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಜಿಎಸ್‌ಟಿ ಬೇರೆ. ಇದರಲ್ಲಿ ಯಾವ ಕಂಪನಿಯೂ ಒಂದು ರೂಪಾಯಿ ಹೆಚ್ಚು ಕಡಿಮೆ ಮಾಡುವಂತಿಲ್ಲ. ಹೆಚ್ಚು ಕಡಿಮೆ ಆಗುವುದೆಲ್ಲ ಸ್ವಂತ ಕಾರಿನ ಹಾನಿಯ ವಿಮೆ ಮತ್ತು ಅದಕ್ಕೆ ಅಂಟಿಸುವ ಹೆಚ್ಚುವರಿ ರಕ್ಷಣೆಗಳಲ್ಲಿ. ಅವು ಬೇಕೋ ಬೇಡವೋ, ಯಾವ ಕಂಪನಿಯದು ಬೇಕು ಎಂಬುದು ಕೊಳ್ಳುವವನ ಇಷ್ಟ. ಆದರೆ ರೈತರಿಗೆ ಹೇಳಿದ್ದೇನು? ‘ಹೊರಗಿಂದ ಇನ್ಶೂರೆನ್ಸ್ ತಂದ್ರ ಗಾಡಿ ಪಾಸಿಂಗ್ ತಡ ಆಗ್ತದ, ನಾಳೆ ಅಪಘಾತ ಆದ್ರ ನಮ್ಮ ವರ್ಕ್‌ಶಾಪಿನ್ಯಾಗ ಕ್ಲೇಮ್ ಆಗಂಗಿಲ್ಲ’ ಎಂದು. ಪಾಸಿಂಗ್ ಎಂದರೆ ನೋಂದಣಿ. ಮಾಸ್ತರ ಹೊರಗಿನ ದರ ತೋರಿಸಿದ ಕೂಡಲೇ ಅದೇ ಶೋರೂಮು ತನ್ನ ವಿಮೆಯ ದರವನ್ನು 33,400ಕ್ಕೆ ಇಳಿಸಿತು. ಪಾಸಿಂಗ್ ತಡವಾಗುವ ಮಾತು ಅವನ ಮುಂದೆ ಹೊರಡಲೇ ಇಲ್ಲ.

ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ ಪೂರ್ತಿ ಸವಕಳಿ ರಕ್ಷಣೆಯಾಗಲಿ, ಹೆಚ್ಚುವರಿ ವಾರಂಟಿಯಾಗಲಿ ಕೆಟ್ಟವೆಂದು ನಾನು ಹೇಳುತ್ತಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ನಿತ್ಯ ಓಡಾಡುವವನಿಗೆ ಅವು ಉಪಯೋಗಕ್ಕೆ ಬಂದಾವು. ತಾನು ಅವನ್ನು ಕೊಳ್ಳುತ್ತಿದ್ದೇನೆ, ಬೇಡವೆನ್ನಬಹುದು ಎಂಬುದು ಕೊಳ್ಳುವವನಿಗೆ ಗೊತ್ತಿರಬೇಕು ಎಂದಷ್ಟೇ ಹೇಳುತ್ತಿದ್ದೇನೆ. ನಮ್ಮ ರೈತರಿಗೆ ಕಿಟ್ಟಿನ 28,500 ರೂಪಾಯಿ ಕಾರಿನ ಬೆಲೆಯ ಭಾಗವಲ್ಲ ಎಂದು ತಿಳಿದದ್ದೇ ನನ್ನ ಮೇಜಿನ ಮುಂದೆ. ಆದರೂ ಅವರ ಕಡತದಲ್ಲಿ ಒಂದು ಹಾಳೆ ಇದೆ: ‘ಈ ಎಲ್ಲ ವಸ್ತುಗಳನ್ನು ನಾನು ಸ್ವಇಚ್ಛೆಯಿಂದ ಖರೀದಿಸಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ, ಅದರ ಕೆಳಗೆ ಅವರ ಕನ್ನಡ ಸಹಿ. ಅಂಗಡಿಯ ಹೊರಗಿನ ಫಲಕದಲ್ಲಿ ಶೇ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ರಾಜ್ಯ ಕಾನೂನು ಮಾಡಿತು, ಈ ಶೋರೂಮಿನ ಫಲಕದಲ್ಲೂ ಕನ್ನಡ ದೊಡ್ಡದಾಗಿ ಹೊಳೆಯುತ್ತಿದೆ. ಒಳಗೆ ಲಕ್ಷಗಟ್ಟಲೆ ಹಣಕ್ಕೆ ಸಹಿ ಹಾಕಿಸಿಕೊಳ್ಳುವ ಹಾಳೆಯಲ್ಲಿ ಮಾತ್ರ ಒಂದು ಕನ್ನಡ ಅಕ್ಷರವಿಲ್ಲ.

ಇದನ್ನು ಬರಿಯ ವ್ಯಾಪಾರದ ಜಾಣತನವೆಂದು ಬಿಡುವಂತಿಲ್ಲ. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತು ಹಾಕುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(41) ನಿರ್ಬಂಧಿತ ವ್ಯಾಪಾರ ಪದ್ಧತಿಯ ಸಾಲಿಗೆ ಸೇರಿಸಿದೆ. ‘ಕಿಟ್ಟು ತಗೊಂಡ್ರ ಧನತ್ರಯೋದಶಿಗೆ ಗಾಡಿ, ಇಲ್ಲಾಂದ್ರ ಮುಂದಿನ ತಿಂಗಳು’ ಎಂಬ ಮಾತು ಆ ಷರತ್ತಲ್ಲದೆ ಮತ್ತೇನು? ಹಬ್ಬದ ದಿನ ಗಾಡಿ ಬಾಗಿಲಿಗೆ ಬರಬೇಕೆಂಬ ಮನೆಯವರ ಆಸೆಯೇ ಇಲ್ಲಿ ಒತ್ತೆಗೆ ಬೀಳುತ್ತದೆ.

ನೊಂದವರು ಗ್ರಾಹಕರ ಆಯೋಗಕ್ಕೆ ಹೋಗಲಿ ಎಂದು ತಾವು ಹೇಳಬಹುದು. ದಾರಿ ಇದೆ ನಿಜ. 50 ಲಕ್ಷದವರೆಗಿನ ಖರೀದಿಯ ದೂರನ್ನು ಜಿಲ್ಲಾ ಆಯೋಗವೇ ಕೇಳುತ್ತದೆ, ಐದರಿಂದ ಹತ್ತು ಲಕ್ಷದ ಖರೀದಿಗೆ ಶುಲ್ಕ 200 ರೂಪಾಯಿ ಮಾತ್ರ, ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದಾಖಲಿಸಬಹುದು. ಆದರೆ ನಾಲ್ಕು ಸಾವಿರಕ್ಕೋ ಏಳೂವರೆ ಸಾವಿರಕ್ಕೋ ಬಿತ್ತನೆ ಬಿಟ್ಟು ರಾಯಚೂರಿಗೆ ಓಡಾಡುವ ರೈತನನ್ನು ನಾನು ಕಂಡಿಲ್ಲ. ಬಿಡಿ ಮೊತ್ತಗಳು ಜಗಳಕ್ಕೆ ಸಾಲದಷ್ಟು ಸಣ್ಣವಾಗಿರುವುದರಿಂದಲೇ ಈ ಪದ್ಧತಿ ಉಳಿದಿದೆ. ಇಂಥ ಸಂದರ್ಭಕ್ಕಾಗಿಯೇ ಅದೇ ಕಾಯ್ದೆಯ ಕಲಂ 16, ಗ್ರಾಹಕರನ್ನು ಒಂದು ವರ್ಗವಾಗಿ ಬಾಧಿಸುವ ಅನುಚಿತ ವ್ಯಾಪಾರದ ಬಗ್ಗೆ ದೂರು ಬಂದಾಗ ತಮ್ಮ ವ್ಯಾಪ್ತಿಯಲ್ಲಿ ವಿಚಾರಣೆ ಮಾಡಿ ವರದಿ ಸಲ್ಲಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿದೆ. ಈ ಪತ್ರವನ್ನು ತಾವು ಆ ಕಲಮಿನ ಅಡಿಯ ದೂರು ಎಂದು ಪರಿಗಣಿಸಬೇಕೆಂದು ಕೋರುತ್ತೇನೆ.

ಚೌಕಾಸಿಯನ್ನು ನಿಲ್ಲಿಸಿರೆಂದು ನಾನು ಕೇಳುತ್ತಿಲ್ಲ. ನಮ್ಮ ಕಡೆಯ ಜನ ಚೌಕಾಸಿಯಲ್ಲೇ ಹುಟ್ಟಿ ಬೆಳೆದವರು, ಅದರಲ್ಲೊಂದು ಸುಖವೂ ಇದೆ. ಆದರೆ ಇದೇ ರೈತರು ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿ ಮಾರಿದಾಗ ದಲ್ಲಾಳಿ ಅಂಗಡಿಯವರು ಕೊಡುವ ಪಟ್ಟಿಯಲ್ಲಿ ತೂಕ, ದರ, ಹಮಾಲಿ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ ಬರೆದಿರುತ್ತದೆ. ಬೆಳೆದದ್ದನ್ನು ಮಾರುವಾಗ ಸಿಗುವ ಆ ಪಟ್ಟಿ, ಅದೇ ಹಣದಿಂದ ಕಾರು ಕೊಳ್ಳುವಾಗ ಏಕೆ ಸಿಗಬಾರದು? ಇದು ಆಗದ ಮಾತೇನೂ ಅಲ್ಲ. ಕಾರಿಗೆ ಸಾಲ ಕೊಡುವ ಬ್ಯಾಂಕು, ಸಾಲದ ಎಲ್ಲ ಖರ್ಚುಗಳನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಮೊದಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಒಂದೇ ಮೇಜಿನ ಮೇಲೆ ಸಾಲದ ಕಾಗದಕ್ಕೆ ಇರುವ ಶಿಸ್ತು ಕಾರಿನ ಕಾಗದಕ್ಕೂ ಬರಲಿ.

ಆದ್ದರಿಂದ ಜಿಲ್ಲೆಯ ಎಲ್ಲ ಹೊಸ ವಾಹನ ಮಾರಾಟಗಾರರ ಸಭೆ ಕರೆದು, ಒಂದು ಪುಟದ ಕನ್ನಡ ದರಪಟ್ಟಿಯ ನಮೂನೆಯನ್ನು ಜಾರಿಗೆ ತರಬೇಕೆಂದು ತಮ್ಮಲ್ಲಿ ಪ್ರಾರ್ಥಿಸುತ್ತೇನೆ. ಸರ್ಕಾರಕ್ಕೆ ಸೇರುವ ಹಣ, ವಿಮಾ ಕಂಪನಿಗೆ ಸೇರುವ ಹಣ, ಶೋರೂಮಿಗೆ ಸೇರುವ ಹಣ ಎಂದು ಅದು ಮೂರು ಭಾಗವಾಗಿರಲಿ. ಪ್ರತಿ ಸಾಲಿನ ಮುಂದೆ ‘ಕಡ್ಡಾಯ’ ಅಥವಾ ‘ಐಚ್ಛಿಕ’ ಎಂದು ಬರೆದಿರಲಿ. ಎಕ್ಸ್‌ಚೇಂಜಿಗೆ ಬಿಟ್ಟ ಹಳೆಯ ಗಾಡಿಗೆ ಕಟ್ಟಿದ ಬೆಲೆ ಬೇರೆ, ಎಕ್ಸ್‌ಚೇಂಜ್ ಬೋನಸ್ (ಹಳೆಯದನ್ನು ಕೊಟ್ಟದ್ದಕ್ಕೆ ಹೆಚ್ಚುವರಿಯಾಗಿ ಬಿಡುವ ಹಣ) ಬೇರೆ ಎಂದು ಕಾಣಲಿ, ಏಕೆಂದರೆ ಒಂದನ್ನು ಇಳಿಸಿ ಇನ್ನೊಂದನ್ನು ಏರಿಸುವ ಆಟ ಅಲ್ಲಿಯೂ ನಡೆಯುತ್ತದೆ. ಕಾರು ತಯಾರಾದ ತಿಂಗಳು ಮತ್ತು ವರ್ಷವನ್ನೂ ಅದರಲ್ಲಿ ಬರೆಯಲಿ. ಹೇಗೂ ಮುಂದೆ ಆರ್‌ಸಿಯಲ್ಲಿ ಅದು ಬಂದೇ ಬರುತ್ತದೆ. ಹತ್ತು ಲಕ್ಷ ಮೀರಿದ ಕಾರಿಗೆ ಶೇ 1ರಂತೆ ಹಿಡಿಯುವ ಆದಾಯ ತೆರಿಗೆಯ ಹಣವನ್ನು ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದೆಂಬ ಒಂದು ವಾಕ್ಯವೂ ಇರಲಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ ರೈತರು 12 ಲಕ್ಷದ ಕಾರಿಗೆ 12,000 ಕಟ್ಟಿ, ಅದು ಹೋಯಿತೆಂದೇ ತಿಳಿದು ಸುಮ್ಮನಿರುವುದನ್ನು ನಾನು ನೋಡಿದ್ದೇನೆ. ಈ ಪಟ್ಟಿಗೆ ಶೋರೂಮಿನ ಸಹಿ, ಮೊಹರು ಬಿದ್ದ ಮೇಲೆಯೇ ಮುಂಗಡದ ರಸೀದಿ ಹರಿಯಬೇಕು.

ಸಾರಿಗೆ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಬೇರೆ ಇದೆ. ನೋಂದಣಿ, ಸ್ಮಾರ್ಟ್ ಕಾರ್ಡು, ಹೈಪಾಥಿಕೇಶನ್‌ಗಳ ನಿಜವಾದ ಶುಲ್ಕವನ್ನು ಪ್ರತಿ ಶೋರೂಮಿನಲ್ಲೂ ಕಾಣುವಂತೆ ಹಾಕಿಸಿ, ಅದರ ಕೆಳಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನೂ ಬರೆಸಿರಿ. ಶೋರೂಮುಗಳಿಗೆ ವ್ಯಾಪಾರ ಪ್ರಮಾಣಪತ್ರ ಕೊಡುವವರು ತಾವು. ತಪ್ಪು ಕಂಡಲ್ಲಿ ಅದನ್ನು ಅಮಾನತು ಮಾಡುವ ಅವಕಾಶವೂ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಅಮಾನತು ಮಾಡಿರೆಂದು ಹೇಳುವಷ್ಟು ದೊಡ್ಡವನು ನಾನಲ್ಲ. ‘ಆರ್‌ಟಿಓ ಇತರೆ ವೆಚ್ಚ’ ಎಂಬ ಸಾಲು ಇನ್ನು ಮುಂದೆ ಯಾವ ಬಿಲ್ಲಿನಲ್ಲೂ ಕಾಣಬಾರದು ಎಂದು ತಾವು ಒಂದು ಸುತ್ತೋಲೆ ಹೊರಡಿಸಿದರೂ ಸಾಕು.

ಹೆಸರು, ವಿಳಾಸ, ಚಾಸಿ ಸಂಖ್ಯೆ ಮರೆಮಾಡಿದ ಎರಡೂ ಬಿಲ್ಲುಗಳ ನಕಲನ್ನು ತಮ್ಮ ಕಚೇರಿಗೆ ಕಳಿಸಿದ ಪ್ರತಿಯೊಂದಿಗೆ ಲಗತ್ತಿಸಿದ್ದೇನೆ. ಶೋರೂಮಿನ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ; ಒಂದನ್ನೇ ಬೊಟ್ಟು ಮಾಡಿದರೆ ಉಳಿದವು ಸಾಚಾ ಎಂದಾಗುತ್ತದೆ. ವಿಚಾರಣೆಗೆ ಕರೆದರೆ ಮೂಲ ಕಾಗದಗಳೊಂದಿಗೆ ಹಾಜರಾಗಲು ರೈತರೂ ಮಾಸ್ತರನೂ ಒಪ್ಪಿದ್ದಾರೆ. ಹತ್ತಿ ಬಿಡಿಸುವ ದಿನಗಳನ್ನು ಬಿಟ್ಟು ದಿನಾಂಕ ಕೊಟ್ಟರೆ ಅನುಕೂಲವೆಂದು ರೈತರು ವಿನಂತಿಸಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಿಗ, ರಾಯಚೂರು ಜಿಲ್ಲೆ